ಆತಕೂರಿನ ಕಲ್ಲು ಮತ್ತು ಗಾಯಾಳು ಯೋಧನ ಬೇಟೆ



ಕಳೆದ ಕಾರ್ತಿಕ ಮಾಸದಲ್ಲಿ ಕುರುಗೋಡಿಗೆ ಸಮೀಪದ ಬಾದನಹಟ್ಟಿಯಲ್ಲಿ ಪ್ರವಚನ ಮುಗಿದ ತರುವಾಯ ಒಬ್ಬ ಗೃಹಸ್ಥರು ಉಳಿದೆಲ್ಲರೂ ತೆರಳುವವರೆಗೆ ಕಾದಿದ್ದು ನಮ್ಮ ಬಳಿಗೆ ಬಂದರು. ಬಾಲ್ಯದಲ್ಲಿ ನಮ್ಮ ಪ್ರಸಾದನಿಲಯದಲ್ಲಿದ್ದು, ಬಳಿಕ ಸೈನ್ಯ ಸೇರಿ, ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಊರಿಗೆ ಮರಳಿದವರು ಅವರು. ಅವರ ಬಂಧುವೊಬ್ಬರು ಅಮೆರಿಕದಲ್ಲಿದ್ದಾರೆ. ಅಲ್ಲಿ ಯುದ್ಧದಲ್ಲಿ ಅಂಗವಿಕಲರಾದ ಯೋಧರನ್ನು ಸರಕಾರಿ ಕಾಡುಗಳಿಗೆ ಕರೆದೊಯ್ದು ಎಲ್ಕ್ ಎಂಬ ದೊಡ್ಡ ಸಾರಂಗದ ಬೇಟೆಯಾಡಿಸುವ ಪದ್ಧತಿಯಿದೆಯೆಂದೂ, ಅದನ್ನು ದೊಡ್ಡ ಸೇವೆಯೆಂದೇ ಜನ ಭಾವಿಸುತ್ತಾರೆಂದೂ ಆ ಬಂಧು ತಿಳಿಸಿದ್ದರಂತೆ. "ಬುದ್ಧೀ, ಇದು ಪುಣ್ಯವೋ ಪಾಪವೋ?" ಎಂದು ಕೇಳಿದರು.

ನಾವು ತಡಮಾಡದೆ "ಪಾಪ" ಎಂದೆವು. ಲಿಂಗವಂತರಾದವರು ಬೇರೆ ಏನು ಹೇಳಲು ಸಾಧ್ಯ? ಅವರು ನಕ್ಕು, "ಆಗಲಿ ಬುದ್ಧಿ. ಆದರೆ ಅವರು ಪಾಪದ್ದಾದರೂ ಒಂದು ಕೆಲಸ ಕೊಡುತ್ತಾರೆ. ನಮ್ಮವರು ಶಾಲು ಹೊದಿಸುತ್ತಾರೆ, ಕೂತುಕೋ ಎನ್ನುತ್ತಾರೆ" ಎಂದರು. ನಮಸ್ಕರಿಸಿ ಹೊರಟುಹೋದರು. ಆ ಮಾತು ನಮ್ಮನ್ನು ಬಿಡಲಿಲ್ಲ. ಒಂದೇ ಪದದಲ್ಲಿ ಕೊಟ್ಟ ಉತ್ತರವನ್ನು ಪರಿಶೀಲಿಸಿಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಇದಕ್ಕಾಗಿ ನಮ್ಮ ಕಾವ್ಯಗಳನ್ನೂ ಹತ್ತನೆಯ ಶತಮಾನದ ಒಂದು ಶಿಲಾಲೇಖವನ್ನೂ ಮತ್ತೊಮ್ಮೆ ಓದಬೇಕಾಯಿತು. ವಾಚಕರು ತಾಳ್ಮೆಯಿಂದ ನಮ್ಮ ಜೊತೆ ಬರಬೇಕೆಂದು ಕೋರುತ್ತೇವೆ.

ಮೊದಲಿಗೆ ಆ ಪದ್ಧತಿಯ ಸ್ವರೂಪವನ್ನು ನ್ಯಾಯವಾಗಿ ತಿಳಿದುಕೊಳ್ಳೋಣ. 2001ರಲ್ಲಿ ಅಫಘಾನಿಸ್ತಾನದಲ್ಲಿಯೂ 2003ರಲ್ಲಿ ಇರಾಕಿನಲ್ಲಿಯೂ ಆರಂಭವಾದ ಯುದ್ಧಗಳಲ್ಲಿ ಗಾಯಗೊಂಡ ಅಮೆರಿಕದ ಯೋಧರ ಸಂಖ್ಯೆ 50,000ಕ್ಕೂ ಮಿಗಿಲು. ವೈದ್ಯವಿಜ್ಞಾನ ಮುಂದುವರಿದ ಕಾರಣ ಹಿಂದಿನ ಯುದ್ಧಗಳಲ್ಲಿ ಸತ್ತೇಹೋಗುತ್ತಿದ್ದವರು ಈಗ ಕೈಕಾಲು ಕಳೆದುಕೊಂಡು ಬದುಕಿ ಬಂದರು. ದೇಹದ ಗಾಯ ಮಾಯ್ದರೂ ಮನಸ್ಸಿನ ಗಾಯ ಮಾಯದೆ ನಿದ್ರೆಗೆಟ್ಟವರು, ಬದುಕಿನಲ್ಲಿ ಜುಗುಪ್ಸೆ ತಾಳಿದವರು ಅಸಂಖ್ಯ. ಆ ದೇಶದಲ್ಲಿ ಅರಣ್ಯ ಇಲಾಖೆಯೂ ಭೂನಿರ್ವಹಣಾ ಇಲಾಖೆಯೂ ಸೇರಿ 43 ಕೋಟಿ ಎಕರೆಗೂ ಹೆಚ್ಚಿನ ಸಾರ್ವಜನಿಕ ಭೂಮಿಯನ್ನು ನೋಡಿಕೊಳ್ಳುತ್ತವೆ. ಅಲ್ಲಿಯ ಕಾಡುಪ್ರಾಣಿ ಯಾರೊಬ್ಬರ ಸ್ವತ್ತೂ ಅಲ್ಲ. ಪ್ರಜೆಗಳ ಪರವಾಗಿ ರಾಜ್ಯ ಸರಕಾರವೇ ಅದರ ಪಾಲಕ. ಬೇಟೆಯಾಡಬಯಸುವವನು ಪರವಾನಗಿ ಪಡೆಯಬೇಕು. ಬಹುಕಡೆಗಳಲ್ಲಿ ಆ ಪರವಾನಗಿ ಚೀಟಿ ಎತ್ತಿ ಕೊಡುವಂಥದು, ವರ್ಷಗಟ್ಟಲೆ ಕಾಯಬೇಕಾದುದೂ ಉಂಟು. ಅರಿಜೋನಾದಂತಹ ರಾಜ್ಯಗಳಲ್ಲಿ, ತನ್ನ ಪಾಲಿಗೆ ಬಂದ ಪರವಾನಗಿಯನ್ನು ಒಬ್ಬನು ಸೇವಾಸಂಸ್ಥೆಯೊಂದರ ಮೂಲಕ ಅಂಗವಿಕಲ ಯೋಧನಿಗೆ ಬಿಟ್ಟುಕೊಡಲು ಕಾನೂನಿನಲ್ಲಿ ಅವಕಾಶವಿದೆ. ಬಹುಕಾಲ ಕಾದು ಪಡೆದ ಸರದಿಯನ್ನು ಅಪರಿಚಿತನಾದ ಗಾಯಾಳುವಿಗೆ ಧಾರೆಯೆರೆಯುವುದು ತ್ಯಾಗವೇ ಸರಿ. ಕಾಲಿಲ್ಲದವನನ್ನು ಬೆಟ್ಟದ ಮೇಲೆ ಕೊಂಡೊಯ್ಯಲು ಗಾಲಿಕುರ್ಚಿ ಬೇಕು, ಕೈಯಿಲ್ಲದವನ ರೈಫಲಿಗೆ ಆನಿಕೆ ಬೇಕು, ದಾರಿ ತೋರುವ ಬೇಟೆಗಾರ ಬೇಕು, ಅಡಿಗೆ ಮಾಡುವವರು ಬೇಕು, ಕೆಡೆದ ಪ್ರಾಣಿಯನ್ನು ಹೊತ್ತುತರುವವರು ಬೇಕು. ಇದನ್ನೆಲ್ಲ ಸ್ವಯಂಸೇವಕರು ತಮ್ಮ ಸ್ವಂತ ಖರ್ಚಿನಿಂದ ಮಾಡುವುದುಂಟು.

ಇನ್ನು ಎಲ್ಕ್ ಎಂಬ ಪ್ರಾಣಿ. ನಮ್ಮ ಕಡವೆಗಿಂತ ದೊಡ್ಡದಾದ, ಕವಲೊಡೆದ ಭಾರಿ ಕೊಂಬುಗಳ ಸಾರಂಗವದು. ಸಿಂಹಳದಲ್ಲಿದ್ದ ಬ್ರಿಟಿಷರು ಕಡವೆಯನ್ನೇ ಎಲ್ಕ್ ಎಂದು ಕರೆದು ಗೊಂದಲ ಹುಟ್ಟಿಸಿದ್ದರು. ಅಮೆರಿಕದ ಎಲ್ಕಿಗೆ ನಮ್ಮ ದೇಶದಲ್ಲಿ ಹತ್ತಿರದ ಬಂಧು ಕಾಶ್ಮೀರದ ಹಂಗುಲ್. ದಾಚಿಗಾಮದ ಕಾಡಿನಲ್ಲಿ ಅದು ಈಗ ಕೆಲವೇ ನೂರರಷ್ಟು ಉಳಿದಿದೆ. ಅಮೆರಿಕದಲ್ಲಾದರೋ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದ ಎಲ್ಕಿನ ಸಂಖ್ಯೆ ಇಂದು ಸುಮಾರು ಹತ್ತು ಲಕ್ಷ. 1937ರ ಒಂದು ಕಾನೂನಿನ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ವನ್ಯಪ್ರಾಣಿಗಳ ರಕ್ಷಣೆಗೆ ಸಲ್ಲುತ್ತದೆ. ಕೊಲ್ಲುವವನ ಹಣದಿಂದಲೇ ಕಾಯುವ ವ್ಯವಸ್ಥೆ! ನಮಗಿದು ವಿಚಿತ್ರವೆನಿಸಬಹುದು. ಆದರೆ ಇದನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕುವುದು ವಿಮರ್ಶೆಯಾಗಲಾರದು.

ಈಗ ನಮ್ಮ ಸಾಹಿತ್ಯದ ಕಡೆಗೆ ತಿರುಗೋಣ. ಬೇಟೆ ಪಾಪವೆಂದು ಒಂದೇ ಉಸಿರಿನಲ್ಲಿ ಹೇಳುವ ನಾವು ನಮ್ಮ ಕಾವ್ಯಗಳಲ್ಲಿ ಬೇಟೆಯನ್ನು ಎಷ್ಟು ಆಸ್ವಾದಿಸಿದ್ದೇವೆಂಬುದನ್ನು ಮರೆಯುತ್ತೇವೆ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಎಣಿಸುವಾಗ ಸಾಹಿತ್ಯದರ್ಪಣದ ವಿಶ್ವನಾಥನು ಮೃಗಯೆಯನ್ನೂ ಸೇರಿಸಿದ್ದಾನೆ. ಶಾಕುಂತಲ ನಾಟಕದ ಎರಡನೆಯ ಅಂಕದಲ್ಲಿ ಸೇನಾಪತಿಯು ದುಷ್ಯಂತನ ಮುಂದೆ ಬೇಟೆಯ ಗುಣಗಳನ್ನು ಎಣಿಸುತ್ತಾನೆ: ಮೇದಸ್ಸು ಕರಗಿ ದೇಹ ಹಗುರಾಗುತ್ತದೆ, ಭಯ ಕ್ರೋಧಗಳಲ್ಲಿ ಪ್ರಾಣಿಗಳ ಚಿತ್ತ ಹೇಗೆ ಮಾರ್ಪಡುತ್ತದೆಂಬುದು ತಿಳಿಯುತ್ತದೆ, ಚಲಿಸುವ ಗುರಿಗೆ ಬಾಣ ತಾಗಿದಾಗ ಬಿಲ್ಲುಗಾರನಿಗೆ ಧನ್ಯತೆ ಉಂಟಾಗುತ್ತದೆ, ಇದನ್ನು ವ್ಯಸನವೆನ್ನುವುದು ಸುಳ್ಳು. ಇಂದು ಗಾಯಾಳು ಯೋಧರ ಬೇಟೆಯನ್ನು ಏರ್ಪಡಿಸುವವರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದರೆ ಕಾಳಿದಾಸನು ಆ ಮಾತಿಗೆ ಕೊನೆಯ ಸ್ಥಾನ ಕೊಡಲಿಲ್ಲ. ಮೊದಲನೆಯ ಅಂಕದಲ್ಲಿಯೇ ತಪಸ್ವಿಯೊಬ್ಬನು ಕೈಯೆತ್ತಿ ರಾಜನ ಬಾಣವನ್ನು ತಡೆದಿದ್ದಾನೆ. ಎರಡನೆಯ ಅಂಕದಲ್ಲಿ ಸೇನಾಪತಿಯ ಉತ್ಸಾಹ ಇಳಿಯುವ ಮುನ್ನವೇ ರಾಜನು ಬೇಟೆಯನ್ನು ನಿಲ್ಲಿಸುತ್ತಾನೆ.

ಕನ್ನಡದ ಆದಿಕವಿ ಪಂಪನು ಕವಿಯೂ ಹೌದು, ಕಲಿಯೂ ಹೌದು. ರಣರಂಗವನ್ನು ಕಣ್ಣಾರೆ ಕಂಡವನು. 941ರಲ್ಲಿ ಮುಗಿದ ಅವನ ವಿಕ್ರಮಾರ್ಜುನ ವಿಜಯದಲ್ಲಿ ಖಾಂಡವದಹನಕ್ಕೆ ಮುನ್ನ ಬರುವ ಬೇಟೆಯ ಭಾಗದಲ್ಲಿ ಬೇಟೆಯ ಬಗೆಗಳು, ನಾಯಿಗಳು, ಬಲೆಗಳು, ಕಾಡಿನ ಗದ್ದಲ ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಅದೇ ಕಾವ್ಯದ ಮೊದಲ ಆಶ್ವಾಸದಲ್ಲಿ ಪಾಂಡುರಾಜನು ಜಿಂಕೆಯೆಂದು ಬಗೆದು ಋಷಿಯನ್ನು ಎಚ್ಚು ಶಾಪಕ್ಕೆ ಗುರಿಯಾಗುತ್ತಾನೆ. ಒಂದೇ ಕೃತಿಯಲ್ಲಿ ಬೇಟೆ ಒಮ್ಮೆ ವಿನೋದ, ಒಮ್ಮೆ ವಿನಾಶದ ಬೀಜ. ಪಂಪನ ಪ್ರತಿಭೆಗೆ ನಮಸ್ಕರಿಸಿಯೂ ಒಂದು ಕೊರತೆಯನ್ನು ಹೇಳಲೇಬೇಕು. ಈ ಎಲ್ಲ ವರ್ಣನೆಗಳಲ್ಲಿ ಬೇಟೆಯಾಡುವವನು ಅರಸು, ಅಖಂಡ ದೇಹದ ನಾಯಕ. ಯುದ್ಧದಿಂದ ಮರಳಿದ ಸಾಮಾನ್ಯ ಆಳು ಎಲ್ಲಿ? ಅವನ ಸಂಜೆಗಳು ಹೇಗೆ ಕಳೆದವು? ಸತ್ತ ವೀರನಿಗೆ ಕಾವ್ಯದಲ್ಲಿ ಸ್ವರ್ಗವಿದೆ, ದೇವಸ್ತ್ರೀಯರ ಸ್ವಾಗತವಿದೆ. ಬದುಕಿ ಬಂದವನಿಗೆ ಒಂದು ಪದ್ಯವೂ ದುರ್ಲಭ. ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳೂ ಮಡಿದವರ ಕಲ್ಲುಗಳೇ.

ಈ ಮಾತಿಗೆ ಒಂದು ಅಪೂರ್ವವಾದ ಅಪವಾದವಿದೆ. ಅದೇ ಆತಕೂರಿನ ಶಾಸನ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949–50, ಪಂಪನ ಕಾವ್ಯ ಮುಗಿದು ಎಂಟು ವರ್ಷಗಳ ತರುವಾಯ, ಅದೇ ರಾಷ್ಟ್ರಕೂಟ ಸಾಮ್ರಾಜ್ಯದ ಕಾಲ. ಮುಮ್ಮಡಿ ಕೃಷ್ಣನು ತನ್ನ ಸಾಮಂತನಾದ ಗಂಗರ ಇಮ್ಮಡಿ ಬೂತುಗನೊಡನೆ ಚೋಳರ ಮೇಲೆ ನಡೆದು, ಈಗಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಕಾದಿದನು. ಚೋಳ ರಾಜಾದಿತ್ಯನು ಆ ಕಾಳಗದಲ್ಲಿ ಮಡಿದನು. ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳೇ ಬಹುಮಾನವಾಗಿ ದೊರೆತವು. ಬೂತುಗನ ಕಡೆಯಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನಿದ್ದನು. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯನು, ಬೇಕಾದುದನ್ನು ಬೇಡಿಕೋ ಎಂದನು. ಮಣಲೇರನು ಬೇಡಿದುದು ಕಾಳಿ ಎಂಬ ಹೆಸರಿನ ಒಂದು ಬೇಟೆನಾಯಿಯನ್ನು!

ಮುಂದಿನ ಕಥೆ ಚಿಕ್ಕದು. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಶಿಲ್ಪವಿದೆ. ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಬಿಟ್ಟರು. ಕೊನೆಯಲ್ಲಿ ಶಾಪವಾಕ್ಯ ಬರುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪಕ್ಕೆ ಭಾಗಿಯಾಗುತ್ತಾನಂತೆ.

ಈ ಶಾಸನವನ್ನು ಇತಿಹಾಸಕಾರರು ತಕ್ಕೋಲದ ಯುದ್ಧಕ್ಕೆ ಪ್ರಮಾಣವಾಗಿ ಬಹಳ ಉಪಯೋಗಿಸಿದ್ದಾರೆ. ಭಾಷಾಜ್ಞರು ಹಳಗನ್ನಡದ ಮಾದರಿಯಾಗಿ ಓದಿದ್ದಾರೆ. ಪ್ರಾಣಿಪ್ರಿಯರು ನಾಯಿಗೆ ಎತ್ತಿದ ವೀರಗಲ್ಲೆಂದು ಕೊಂಡಾಡಿದ್ದಾರೆ. ನಾವಾದರೋ ಇದನ್ನು ಯುದ್ಧದಿಂದ ಮರಳಿದ ಯೋಧನೊಬ್ಬನ ಚರಿತ್ರೆಯೆಂದು ಓದಬೇಕೆಂದು ಸೂಚಿಸುತ್ತೇವೆ. ಹಾಗೆ ಓದಿದಾಗ ಮೂರು ಅಂಶಗಳು ಎದ್ದುಕಾಣುತ್ತವೆ.

ಮೊದಲನೆಯದು, ಒಡೆಯನು ಕೇಳಿದನೆಂಬುದು. ಕೊಡುವುದನ್ನು ತಾನೇ ನಿರ್ಧರಿಸಿ ಕೊಟ್ಟುಬಿಡಲಿಲ್ಲ; ನಿನಗೇನು ಬೇಕೆಂದು ಯೋಧನನ್ನೇ ಕೇಳಿದನು. ಯುದ್ಧದಿಂದ ಬಂದವನಿಗೆ ಏನು ಬೇಕೆಂಬುದನ್ನು ಯುದ್ಧಕ್ಕೆ ಹೋಗದವರು ಊಹಿಸಲಾರರು. ನಾಡುಗಳನ್ನೇ ಹಂಚುತ್ತಿದ್ದ ಆ ಸಂದರ್ಭದಲ್ಲಿ ಮಣಲೇರನು ಒಂದು ನಾಯಿಯನ್ನು ಕೇಳಿಯಾನೆಂದು ಯಾವ ಮಂತ್ರಿ ಊಹಿಸಿಯಾನು? ಅವನಿಗೆ ಬೇಕಾದುದು ಜೊತೆಗಾರ. ಮಾತು ಬೇಡದ, ಪ್ರಶ್ನೆ ಕೇಳದ, ನಸುಕಿನಲ್ಲಿ ಎಬ್ಬಿಸಿ ಹೊರಗೆ ಕರೆದೊಯ್ಯುವ ಜೊತೆ. ಬಳಿಕ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು ಅವನಿಗೆ ಬಾಳ್ಗಚ್ಚಾಗಿ ದೊರೆತವೆಂಬುದೂ ನಿಜ. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆದುದರ ಕೊಡುಗೆ. ರಕ್ತ ಹತ್ತಿದ ಕತ್ತಿಯನ್ನು ತೊಳೆದು ಒರೆಗೆ ಸೇರಿಸುವುದಕ್ಕೂ ಒಂದು ಸಂಸ್ಕಾರವಿತ್ತು, ಅದಕ್ಕೊಂದು ಹೆಸರಿತ್ತು. ಇಂದು ಯೋಧನ ಕತ್ತಿಯನ್ನು ನಾವು ಪೂಜಿಸುತ್ತೇವೆ, ತೊಳೆಯುವವರಿಲ್ಲ.

ಎರಡನೆಯದು, ಶಾಸನ ಬರೆದವನು ಹಂದಿಯನ್ನು ಹೀನಾಯಗೊಳಿಸಲಿಲ್ಲ. ಎರಡೂ ಒಟ್ಟಿಗೆ ಸತ್ತವೆಂದು ಸಮನಾಗಿ ಹೇಳಿದನು. ಶಿಲ್ಪಿಯೂ ಎರಡನ್ನೂ ಎದುರುಬದುರಾಗಿ ಕೆತ್ತಿದನು. ಕೊಂದದ್ದಕ್ಕೆ ಹಿಗ್ಗುವ ಮಾತು ಅಲ್ಲಿಲ್ಲ. ಕೆಡೆದ ಪ್ರಾಣಿಯ ತಲೆಯ ಬಳಿ ಕುಳಿತು ನಗುತ್ತ ಚಿತ್ರ ತೆಗೆಸಿಕೊಳ್ಳುವ ಇಂದಿನ ಬೇಟೆಗಾರರಿಗಿಂತ ಸಾವಿರ ವರ್ಷಗಳ ಹಿಂದಿನ ಆ ಕಲ್ಲುಕುಟಿಗನು ಹೆಚ್ಚು ಸಂಸ್ಕಾರವಂತ.

ಮೂರನೆಯದು ಅತ್ಯಂತ ಗಂಭೀರವಾದುದು. ಪೂಜೆಗೆ ಅರ್ಹವೆಂದು ನಾಯಿಯನ್ನು ಎತ್ತಿಹಿಡಿದ ಶಾಸನವೇ ಆ ನಾಯಿ ಮಾಡಿದ್ದನ್ನು ಪಾಪವೆಂದು ಕರೆಯುತ್ತದೆ. ಕೊಲೆ ಕೊಲೆಯೇ. ಶೌರ್ಯದಿಂದ ಅದು ಪುಣ್ಯವಾಗಿ ಮಾರ್ಪಡಲಿಲ್ಲ. ಆದರೆ ಆ ಪಾಪ ಯಾರನ್ನು ತಟ್ಟುತ್ತದೆ? ಸತ್ತ ನಾಯಿಯನ್ನಲ್ಲ, ಮಣಲೇರನನ್ನೂ ಅಲ್ಲ. ನೆನೆಯದೆ ಉಣ್ಣುವ ಗೊರವನನ್ನು ತಟ್ಟುತ್ತದೆ. ದೇವಾಲಯದ ನೆಲದ ಅನ್ನವನ್ನು ತಿಂದು, ಆ ಅನ್ನ ಯಾವ ಋಣದಿಂದ ಬಂದಿತೆಂಬುದನ್ನು ಮರೆತವನನ್ನು ತಟ್ಟುತ್ತದೆ. ವಾಚಕರೇ, ಈ ಶಾಪವನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತು. ಗಡಿಯಲ್ಲಿ ಒಬ್ಬನು ನಮಗಾಗಿ ಕೊಲ್ಲುತ್ತಾನೆ, ಗಾಯಗೊಳ್ಳುತ್ತಾನೆ. ಆ ಕರ್ಮದ ಭಾರವನ್ನು ಅವನೊಬ್ಬನ ತಲೆಗೆ ಕಟ್ಟಿ, ನಾವು ಶುದ್ಧರು, ಅಹಿಂಸಕರು ಎಂದುಕೊಂಡು ಪ್ರಸಾದ ಸ್ವೀಕರಿಸುತ್ತೇವೆ. ಆ ಗೊರವನು ನಾವೇ. ಕಾವಿ ತೊಟ್ಟ ನಾವೇ ಮೊದಲು.

ಇಲ್ಲಿ ಕಣ್ಣಪ್ಪನ ನೆನಪಾಗುವುದು ಸಹಜ. ಅರವತ್ತುಮೂವರು ಪುರಾತನರಲ್ಲಿ ಅವನೊಬ್ಬ ಬೇಡ. ಬಾದನಹಟ್ಟಿಯಿಂದ ಬಹಳ ದೂರವಲ್ಲದ ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯಲ್ಲಿದ್ದ ಹರಿಹರನು ಅವನ ಕಥೆಯನ್ನು ರಗಳೆಯಾಗಿ ಹಾಡಿದನು. ಬೇಟೆಯ ಮಾಂಸವನ್ನು ಶಿವನಿಗೆ ನೀಡಿದವನನ್ನು, ಮಾಂಸವನ್ನು ಮುಟ್ಟದ ನಾವು ನಿತ್ಯ ಸ್ಮರಿಸುತ್ತೇವೆ! ಇದರಲ್ಲಿ ವಿರೋಧವಿಲ್ಲವೆ ಎಂದು ಕಿರಿಯರು ಕೇಳುವುದುಂಟು. ಕಥೆಯನ್ನು ಕೊನೆಯವರೆಗೂ ನೋಡಬೇಕು. ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ಅದುವರೆಗೆ ಬಾಣದಿಂದ ಮೃಗಗಳನ್ನು ಗಾಯಗೊಳಿಸುತ್ತಿದ್ದವನು ತನ್ನ ಕಣ್ಣನ್ನೇ ಕಿತ್ತುಕೊಟ್ಟನು. ಎರಡನೆಯ ಕಣ್ಣನ್ನು ಕೀಳಲು ಅಣಿಯಾದಾಗ ಗುರುತು ತಪ್ಪದಂತೆ ಲಿಂಗದ ಮೇಲೆ ಪಾದವನ್ನಿಟ್ಟನು. ಬೇಡನು ಅಲ್ಲಿ ಗಾಯಾಳುವಾದನು, ಗಾಯಾಳುವಾಗಿ ಶರಣನಾದನು. ಕಣ್ಣಪ್ಪನ ಗಾಯವೇ ಅವನ ಪೂಜೆ. ಶಿವನು ಅವನನ್ನು ಕರುಣೆಯಿಂದ ದೂರ ಕುಳ್ಳಿರಿಸಲಿಲ್ಲ, ತನ್ನ ಬಲಪಕ್ಕದಲ್ಲಿ ಇರಿಸಿಕೊಂಡನೆಂದು ಪುರಾಣ ಹೇಳುತ್ತದೆ. ದೇಶಕ್ಕೆ ಅಂಗವನ್ನೇ ಕೊಟ್ಟವನ ವಿಷಯದಲ್ಲಿ ಕಣ್ಣಪ್ಪನ ಭಕ್ತರಾದ ನಮಗೆ ಇದಕ್ಕಿಂತ ಸ್ಪಷ್ಟವಾದ ಆದರ್ಶ ಬೇಕೆ?

ಈ ಓದಿನ ಬೆಳಕಿನಲ್ಲಿ ಅಮೆರಿಕದ ಪದ್ಧತಿಯನ್ನು ಮತ್ತೆ ನೋಡೋಣ. ಅದರಲ್ಲಿ ಗ್ರಾಹ್ಯವಾದುದು ಬಹಳವಿದೆ. ಗಾಯಾಳುವನ್ನು ಹಾಸಿಗೆಯಿಂದ ಎಬ್ಬಿಸಿ ಕಠಿಣವಾದ ಕೆಲಸವೊಂದನ್ನು ಅವನ ಮುಂದಿಡುವುದು, ಅವನು ಕಲಿತ ವಿದ್ಯೆಗಳಾದ ಕಾಯುವಿಕೆ, ಮೌನ, ದಿಕ್ಕಿನ ಅರಿವು, ಕಣ್ಣಿನ ಚುರುಕುಗಳಿಗೆ ಮತ್ತೆ ಬೆಲೆ ತರುವುದು, ತನ್ನಂತೆಯೇ ನೊಂದವರ ಜೊತೆ ಬೆಂಕಿಯ ಸುತ್ತ ಕುಳಿತು ಮಾತನಾಡುವ ಅವಕಾಶ ಕೊಡುವುದು, ದೇಶದ ನೆಲ ಅವನಿಗೂ ಸೇರಿದ್ದೆಂದು ಕಾಲಿಲ್ಲದವನಿಗೂ ಬೆಟ್ಟದ ದಾರಿ ತೆರೆಯುವುದು, ಇವೆಲ್ಲ ದಾಸೋಹದ ಲಕ್ಷಣಗಳೇ. ತ್ಯಾಜ್ಯವಾದುದು ಒಂದೇ, ಆದರೆ ಅದು ದೊಡ್ಡದು. ಇಬ್ಬರು ಮನುಷ್ಯರ ನಡುವಣ ಋಣವನ್ನು ತೀರಿಸಲು ಈ ವ್ಯಾಜ್ಯದಲ್ಲಿ ಭಾಗಿಯಲ್ಲದ ಮೂರನೆಯ ಜೀವವೊಂದು ಪ್ರಾಣ ಕೊಡಬೇಕಾಗುತ್ತದೆ. ಕೊಲ್ಲುವುದನ್ನು ಕಂಡು ನೊಂದ ಮನಸ್ಸಿಗೆ ಇನ್ನೊಂದು ಕೊಲೆಯೇ ಔಷಧವೆನ್ನುವುದನ್ನು ನಮ್ಮ ಅಂತಃಕರಣ ಒಪ್ಪುವುದಿಲ್ಲ. ಗುಣ ಕೊಡುವುದು ಆ ನಡಿಗೆಯೋ, ಸಂಗಾತವೋ, ಗುಂಡೋ? ಗುಂಡು ತಪ್ಪಿ, ಪ್ರಾಣಿ ಪಾರಾಗಿ, ಬರಿಗೈಯಲ್ಲಿ ಮರಳಿದ ಯೋಧನೂ ಆ ನಾಲ್ಕು ದಿನಗಳನ್ನು ಧನ್ಯವೆಂದು ಭಾವಿಸುವುದಾದರೆ ಉತ್ತರ ತಾನಾಗಿಯೇ ದೊರೆಯಿತು.

ಬೇಟೆಯ ಸಾರವನ್ನು ಉಳಿಸಿಕೊಂಡು ಕೊಲೆಯನ್ನು ಬಿಡಲು ಸಾಧ್ಯವೆಂಬುದಕ್ಕೆ ನಮ್ಮ ಕೊಡಗೇ ಸಾಕ್ಷಿ. ಸೈನ್ಯಕ್ಕೆ ಅಸಂಖ್ಯ ಯೋಧರನ್ನು ಕೊಟ್ಟ ಆ ನಾಡಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ಬಳಿಕ ಊರವರೆಲ್ಲ ಕೂಡಿ ಬೇಟೆಗೆ ತೆರಳುವ ಸಂಪ್ರದಾಯವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿಯಿಂದ ವಿನೋದದ ಬೇಟೆಗೆ ಇದ್ದ ಪರವಾನಗಿಯ ಬಾಗಿಲೂ ಮುಚ್ಚಿತು. ಕೊಡವರು ಕೋವಿಯನ್ನು ಎಸೆಯಲಿಲ್ಲ, ಹಬ್ಬವನ್ನೂ ಬಿಡಲಿಲ್ಲ. ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ತಮ್ಮ ಕಣ್ಣು ಕೈಗಳ ಪಳಗನ್ನು ಉಳಿಸಿಕೊಂಡಿದ್ದಾರೆ.

ಗಾಯಾಳು ಯೋಧನಿಗೆ ಕೆಲಸ ಕೊಡುವ ಪರಂಪರೆಯೂ ನಮ್ಮ ದೇಶಕ್ಕೆ ಹೊಸದಲ್ಲ. ಒಂದನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಮುಂಬಯಿಯಲ್ಲಿ ಸ್ಥಾಪಿತವಾಗಿ ತರುವಾಯ ಪುಣೆಯ ಖಡಕಿಗೆ ಬಂದ ಕ್ವೀನ್ ಮೇರೀಸ್ ತಾಂತ್ರಿಕ ಶಾಲೆ ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುತ್ತ ಬಂದಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗಾಗಿ 1974ರಲ್ಲಿ ಅಲ್ಲಿಯೇ ಪುನರ್ವಸತಿ ಕೇಂದ್ರವೂ ತೆರೆಯಿತು. 1965ರ ಯುದ್ಧದಲ್ಲಿ ಗುಂಡುಗಳಿಂದ ಜರ್ಜರಿತರಾದ ಮುರಳಿಕಾಂತ ಪೇಟಕರರು ಚಿಕಿತ್ಸೆಯ ಅಂಗವಾಗಿ ಈಜಲಾರಂಭಿಸಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನಡೆದ ಅಂಗವಿಕಲರ ಒಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಆ ಕ್ರೀಡಾಕೂಟದಲ್ಲಿ ಮೊದಲ ಚಿನ್ನವದು. ಪದ್ಮಶ್ರೀ ದೊರೆತುದು 2018ರಲ್ಲಿ, ನಲವತ್ತಾರು ವರ್ಷಗಳ ತರುವಾಯ. ಸತ್ತವರಿಗಾಗಿ ನಾವು ತಕ್ಷಣ ಮಿಡಿಯುತ್ತೇವೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮರಾಶಿಯಡಿ ಆರು ದಿನ ಹುದುಗಿ ಬದುಕುಳಿದು ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದರಿಗಾಗಿ ಮನೆಮನೆಯಲ್ಲಿ ಪ್ರಾರ್ಥನೆಗಳು ನಡೆದವು. ಅದು ನಮ್ಮ ಜನರ ದೊಡ್ಡ ಗುಣ. ಬದುಕಿ ಬಂದವನ ನಲವತ್ತು ವರ್ಷಗಳು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನಮ್ಮ ಮಠದ ಮಾತು. ಹಿಂದಿನ ಜಾತ್ರೆಯಲ್ಲಿ ಬಾದನಹಟ್ಟಿಯ ಆ ಯೋಧರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದವರು ನಾವೇ. ದಾಸೋಹದ ಪಂಕ್ತಿಯಲ್ಲಿ ಬಡಿಸಲು ಅವರು ಕೊಳಗ ಹಿಡಿದಾಗ "ನೀವು ಕೂತುಕೊಳ್ಳಿ, ನಿಮಗೇಕೆ ಶ್ರಮ" ಎಂದು ಕೊಳಗವನ್ನು ಬಿಡಿಸಿ ಬೇರೆಯವರಿಗೆ ಕೊಡಿಸಿದವರೂ ನಾವೇ. ನಾವು ಅದನ್ನು ಗೌರವವೆಂದೇ ತಿಳಿದಿದ್ದೆವು. ಕಾಯಕದ ಮಹತ್ತ್ವವನ್ನು ಪ್ರತಿ ಸೋಮವಾರ ಪ್ರವಚನಿಸುವ ಪೀಠದಿಂದಲೇ ಒಬ್ಬ ಶರಣನ ಕಾಯಕವನ್ನು ಕಸಿದಿದ್ದೆವು! ಆಯ್ದಕ್ಕಿ ಮಾರಯ್ಯನು ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಿರುಗಿಸಿದ ಲಕ್ಕಮ್ಮನ ಸ್ವಾಭಿಮಾನವನ್ನು ಕೊಂಡಾಡುತ್ತೇವೆ. ದುಡಿಯದೆ ಪಡೆದ ಶಾಲು ಒಬ್ಬ ದುಡಿಯಬಲ್ಲವನ ಹೆಗಲಿಗೆ ಎಷ್ಟು ಭಾರವೆಂಬುದು ನಮಗೆ ತಿಳಿಯಲಿಲ್ಲ. ಈ ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುತ್ತೇವೆ.

ಕಾರ್ತಿಕದ ಆ ಭೇಟಿಯ ಎರಡು ತಿಂಗಳ ಬಳಿಕ ನಾವೇ ಅವರ ಮನೆಗೆ ಹೋದೆವು. ಆತಕೂರಿನ ಕಥೆಯನ್ನು ಹೇಳಿದೆವು. ನಿಮಗೇನು ಬೇಕೆಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ ಕಾಣಿಸಿಕೊಳ್ಳುವ ಎರೆಭೂತ ಹಕ್ಕಿಯನ್ನು ಬಾಲ್ಯದಲ್ಲಿ ತಂದೆಯ ಜೊತೆ ಒಮ್ಮೆ ನೋಡಿದ್ದಾಗಿ ಹೇಳಿದರು. ಎತ್ತರವಾಗಿ ನಿಂತು ಗಂಭೀರವಾಗಿ ನಡೆಯುವ ಆ ಹಕ್ಕಿ ಹಿಂದೆ ಬೇಟೆಗಾರರ ಬಂದೂಕಿಗೂ ಈಗ ಹುಲ್ಲುಗಾವಲಿನ ನಾಶಕ್ಕೂ ವಿದ್ಯುತ್ ತಂತಿಗಳಿಗೂ ಬಲಿಯಾಗಿ ದೇಶದಲ್ಲಿಯೇ ಅಳಿವಿನ ಅಂಚಿನಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. "ಕಾವಲು ಕಾಯುವುದು ನನಗೆ ಬರುತ್ತದೆ ಬುದ್ಧಿ. ಗಂಟೆಗಟ್ಟಲೆ ಅಲುಗಾಡದೆ ಕೂರಬಲ್ಲೆ. ಮಠದ ಹುಡುಗರನ್ನು ನಾಲ್ವರನ್ನು ಕೊಡಿ, ಹೊಲದವರ, ಇಲಾಖೆಯವರ ಒಪ್ಪಿಗೆ ಕೊಡಿಸಿ. ನೋಡುವುದನ್ನು ಅವರಿಗೆ ಕಲಿಸುತ್ತೇನೆ" ಎಂದರು. ಮತ್ತೆ ಸ್ವಲ್ಪ ತಡೆದು, "ಒಂದು ನಾಯಿಯೂ ಇದ್ದರೆ ಒಳ್ಳೆಯದು. ಹಕ್ಕಿಯ ಕಡೆಗೆ ಕರೆದೊಯ್ಯುವುದಿಲ್ಲ, ಮನೆಯಲ್ಲಿರಲಿ" ಎಂದರು.

ಒಪ್ಪಿಗೆಯ ಪತ್ರವನ್ನು ಬರೆದಿದ್ದೇವೆ, ಉತ್ತರ ಬರಬೇಕಾಗಿದೆ. ನಾಯಿಮರಿಯನ್ನು ಮಾತ್ರ ಕುರುಗೋಡಿನ ಭಕ್ತರೊಬ್ಬರು ಆ ವಾರವೇ ತಂದುಕೊಟ್ಟರು. ಬರುವ ಜಾತ್ರೆಯಲ್ಲಿ ಕೊಳಗವೂ ಅವರ ಕೈಯಲ್ಲಿಯೇ ಇರುತ್ತದೆ.

ವಾಚಕರೇ, ನಿಮ್ಮ ನಿಮ್ಮ ಊರುಗಳಲ್ಲಿಯೂ ಹೀಗೆ ಮರಳಿ ಬಂದವರು ಇದ್ದೇ ಇರುತ್ತಾರೆ. ನಾವು ಈ ಲೇಖನದ ಆದಿಯಲ್ಲಿ ಹೇಳಿದ "ಪಾಪ" ಎಂಬ ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಪಾಪದ ಲೆಕ್ಕದಲ್ಲಿ ನಮ್ಮ ಹೆಸರನ್ನೂ ಸೇರಿಸುತ್ತೇವೆ. ಅವರ ಮನೆಯ ಬಾಗಿಲಿಗೆ ಹೋಗಿ ಅವರಿಗೇನು ಬೇಕೆಂದು ಒಮ್ಮೆ ಕೇಳಿರಿ. ಕೇಳಿ, ಅವರು ಹೇಳುವವರೆಗೆ ಸುಮ್ಮನೆ ಕುಳಿತುಕೊಳ್ಳಿರಿ. ಅನಂತರ ಪ್ರಸಾದ ಸ್ವೀಕರಿಸಿರಿ.